ನೂರು ಜನರ ಹಡಗು: ಗಲಾಪಗೋಸ್ ದ್ವೀಪಗಳಿಂದ ಒಂದು ಪಾಠ

ಎರಡನೇ ಇಂಟರ್ನಲ್ಸ್ ಮುಗಿದ ರಾತ್ರಿ ನಾವು ಐದಾರು ಜನ ಹಾಸ್ಟೆಲ್ ಜಗಲಿಯಲ್ಲಿ ಕೂತು ಫೋನಿನಲ್ಲಿ ಒಂದು ವಿಡಿಯೊ ನೋಡ್ತಾ ಇದ್ವಿ. ಕಪ್ಪು ಬಂಡೆಯ ಮೇಲೆ ಅಷ್ಟೇ ಕಪ್ಪಗಿನ ಒಂದು ಪ್ರಾಣಿ, ನೋಡೋಕೆ ನಮ್ಮ ಓತಿಕ್ಯಾತದ ದೊಡ್ಡಣ್ಣನ ಹಾಗೆ. ಇದ್ದಕ್ಕಿದ್ದಂತೆ ಸೀನಿತು, ಮೂಗಿನಿಂದ ಉಪ್ಪುನೀರು ಚಿಮ್ಮಿತು. ಸ್ವಲ್ಪ ದೂರದಲ್ಲಿ ಹದಿನೈದು ಜನ ಸಾಲಾಗಿ ನಿಂತು ನೋಡ್ತಿದ್ದರು, ಒಬ್ಬರೂ ಮುಂದೆ ಹೆಜ್ಜೆ ಇಡಲಿಲ್ಲ. ಅವರ ಹಿಂದೆ ಸಮುದ್ರದಲ್ಲಿ ಒಂದು ಪುಟ್ಟ ಬಿಳಿ ಹಡಗು.

ಮೆಕ್ಯಾನಿಕಲ್ ಓದುವ ಗೆಳೆಯ ಕೇಳಿದ, “ಒಂದು ವಾರಕ್ಕೆ ಸಾವಿರಾರು ಡಾಲರ್ ಕೊಡೋ ಜನ ಇಷ್ಟು ಸಣ್ಣ ಹಡಗಲ್ಲಿ ಯಾಕೆ ಹೋಗ್ತಾರೆ? ಅಷ್ಟು ದುಡ್ಡಿಗೆ ಈಜುಕೊಳ, ಸಿನಿಮಾ ಹಾಲ್ ಎಲ್ಲಾ ಇರೋ ದೊಡ್ಡ ಹಡಗೇ ಸಿಗಲ್ವಾ?”

ಪ್ರಶ್ನೆ ಸರಳವಾಗಿತ್ತು, ಉತ್ತರ ಸರಳವಾಗಿರಲಿಲ್ಲ. ಹುಡುಕ್ತಾ ಹೋದಾಗ ಕಂಟ್ರೋಲ್ ಸಿಸ್ಟಮ್ಸ್, ಶೆಡ್ಯೂಲಿಂಗ್, ದ್ರವ ಯಂತ್ರಶಾಸ್ತ್ರ, ಅಂಕಿಅಂಶ, ಅರ್ಥಶಾಸ್ತ್ರ ಎಲ್ಲಾ ಒಂದೇ ದ್ವೀಪಸಮೂಹದಲ್ಲಿ ಸಿಕ್ಕವು. ಅದನ್ನೇ ಈ ಸಂಚಿಕೆಯ ಪಾಠವಾಗಿ ಬರೆದಿದ್ದೀವಿ. ಲೆಕ್ಕಗಳನ್ನು ನೋಟ್‌ಬುಕ್ಕಿನಲ್ಲಿ ನೀವೂ ಮಾಡಿ ನೋಡಿ, ತಪ್ಪು ಸಿಕ್ಕರೆ ನಮಗೆ ಬರೀರಿ.

1. ಮೊದಲು ಜಾಗ ನೋಡೋಣ

ಗಲಾಪಗೋಸ್ ದ್ವೀಪಗಳು ಈಕ್ವೆಡಾರ್ ದೇಶಕ್ಕೆ ಸೇರಿದವು. ದಕ್ಷಿಣ ಅಮೆರಿಕದ ತೀರದಿಂದ ಸುಮಾರು 1,000 ಕಿ.ಮೀ. ಪಶ್ಚಿಮಕ್ಕೆ, ಪೆಸಿಫಿಕ್ ಸಾಗರದಲ್ಲಿ, ಭೂಮಧ್ಯರೇಖೆಯ ಮೇಲೆಯೇ ಇವೆ. ಎಲ್ಲವೂ ಜ್ವಾಲಾಮುಖಿಯಿಂದ ಎದ್ದ ದ್ವೀಪಗಳು. ಯಾವತ್ತೂ ಭೂಖಂಡಕ್ಕೆ ಅಂಟಿಕೊಂಡಿರಲಿಲ್ಲ. ಹಾಗಾಗಿ ಅಲ್ಲಿಗೆ ಬಂದ ಪ್ರತಿ ಜೀವಿಯೂ ಹಾರಿ, ತೇಲಿ ಅಥವಾ ಗಾಳಿಯಲ್ಲಿ ತೂರಿ ಬಂದದ್ದು. ಬಂದವು ಒಂಟಿಯಾಗಿ ಉಳಿದು, ಬೇರೆಲ್ಲೂ ಇಲ್ಲದ ರೂಪ ಪಡೆದವು.

ವಿಡಿಯೊದಲ್ಲಿ ಸೀನಿದ್ದು ಕಡಲ ಇಗ್ವಾನಾ. ಸಮುದ್ರಕ್ಕಿಳಿದು ಪಾಚಿ ಮೇಯುವ ಹಲ್ಲಿ ಜಾತಿ ಜಗತ್ತಿನಲ್ಲಿ ಇದೊಂದೇ. ಪಾಚಿಯ ಜೊತೆ ನುಂಗಿದ ಹೆಚ್ಚುವರಿ ಉಪ್ಪನ್ನು ಮೂಗಿನ ಹತ್ತಿರದ ಗ್ರಂಥಿಯಿಂದ ಹೊರಗೆ ಹಾಕುತ್ತೆ. ಇನ್ನೊಂದು ಸೋಜಿಗ ಕೇಳಿ. ಎಲ್ ನಿನೋ ವರ್ಷಗಳಲ್ಲಿ ಸಮುದ್ರ ಬಿಸಿಯಾಗಿ ಪಾಚಿ ಕಡಿಮೆಯಾದಾಗ ಇವುಗಳ ದೇಹದ ಉದ್ದವೇ ಕುಗ್ಗುತ್ತೆ, ಶೇ. 20ರ ತನಕ. ಮತ್ತೆ ಮೇವು ಸಿಕ್ಕಾಗ ಬೆಳೆಯುತ್ತವೆ. ಇದಲ್ಲದೆ ಹಾರಲು ಮರೆತ ನೀರುಕಾಗೆ ಇದೆ, ಭೂಮಧ್ಯರೇಖೆಯಲ್ಲಿ ಬದುಕುವ ಪೆಂಗ್ವಿನ್ ಇದೆ, ದೈತ್ಯ ಆಮೆ ಇದೆ. ದಕ್ಷಿಣದಿಂದ ಬರುವ ಹಂಬೋಲ್ಟ್ ಪ್ರವಾಹ, ಪಶ್ಚಿಮದಿಂದ ಆಳದಲ್ಲಿ ಬಂದು ದ್ವೀಪಗಳಿಗೆ ಬಡಿದು ಮೇಲೇಳುವ ಕ್ರಾಮ್‌ವೆಲ್ ಪ್ರವಾಹ, ಎರಡೂ ತಣ್ಣೀರು ತರುತ್ತವೆ. ಅದಕ್ಕೇ ಅಲ್ಲಿ ಪೆಂಗ್ವಿನ್‌ಗೂ ಜಾಗ ಇದೆ.

ಇಲ್ಲಿನ ಪ್ರಾಣಿಗಳಿಗೆ ಮನುಷ್ಯನ ಭಯ ಇಲ್ಲ. ನೆಲದ ಮೇಲೆ ದೊಡ್ಡ ಬೇಟೆಪ್ರಾಣಿಗಳೇ ಇಲ್ಲದ ಕಡೆ ವಿಕಾಸವಾದವು, ಓಡಬೇಕು ಅನ್ನೋ ಪಾಠವನ್ನೇ ಕಲಿಯಲಿಲ್ಲ. ಪ್ರವಾಸಿಗೆ ಇದು ಸ್ವರ್ಗ. ಪ್ರಾಣಿಗೆ ಇದೇ ಅಪಾಯ. 1835ರಲ್ಲಿ ಡಾರ್ವಿನ್ ಬೀಗಲ್ ಹಡಗಿನಲ್ಲಿ ಬಂದು ಐದು ವಾರ ಇಲ್ಲಿದ್ದ. ಅದರ ಹಿಂದೆ ಮುಂದೆ ಬಂದ ತಿಮಿಂಗಿಲ ಬೇಟೆಯ ಹಡಗುಗಳು ಆಮೆಗಳನ್ನು ಜೀವಂತ ಹೊತ್ತುಕೊಂಡು ಹೋದವು. ಆಮೆ ತಿಂಗಳುಗಟ್ಟಲೆ ಮೇವು ನೀರಿಲ್ಲದೆ ಹಡಗಿನ ಹೊಟ್ಟೆಯಲ್ಲಿ ಬದುಕಿರುತ್ತೆ, ಅಂದರೆ ಫ್ರಿಜ್ ಇಲ್ಲದ ಕಾಲದಲ್ಲಿ ತಾಜಾ ಮಾಂಸ. ಹೀಗೆ ಹೋದ ಆಮೆಗಳು ಒಂದು ಲಕ್ಷಕ್ಕೂ ಹೆಚ್ಚು ಅನ್ನೋದು ಅಂದಾಜು. ಅಂದರೆ ಈ ದ್ವೀಪಗಳನ್ನು ಮೊದಲು ಕೆಡಿಸಿದ್ದೇ ಹಡಗು. ಇವತ್ತು ಕಾಪಾಡ್ತೀವಿ ಅಂತ ಹೇಳಿಕೊಳ್ಳೋದೂ ಹಡಗೇ. ಈ ಮಾತನ್ನು ಎಷ್ಟು ನಂಬಬಹುದು ಅನ್ನೋದೇ ನಮ್ಮ ಪಾಠದ ತಿರುಳು.

2. ಹೋಟೆಲ್ ಬಿಟ್ಟು ಹಡಗು ಯಾಕೆ?

1959ರಲ್ಲಿ ಈಕ್ವೆಡಾರ್ ಇಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿತು. ನೆಲದ ಸುಮಾರು ಶೇ. 97 ಉದ್ಯಾನಕ್ಕೆ, ಉಳಿದ ಶೇ. 3 ಮಾತ್ರ ಊರು, ಹೊಲಗಳಿಗೆ. ಉದ್ಯಾನದ ಜಾಗದಲ್ಲಿ ಹೋಟೆಲ್ ಇಲ್ಲ, ಬಹಳ ಕಡೆ ಜೆಟ್ಟಿ ಇಲ್ಲ, ಒಂದು ಹನಿ ಸಿಹಿನೀರೂ ಇಲ್ಲ. ಅಂಥ ದ್ವೀಪವನ್ನು ನೋಡಬೇಕು ಅಂದರೆ ಊಟ, ನೀರು, ಹಾಸಿಗೆ, ಶೌಚಾಲಯ ಎಲ್ಲವನ್ನೂ ಹೊತ್ತು ತರಬೇಕು, ಹೊತ್ತು ವಾಪಸ್ ಹೋಗಬೇಕು. ಇದಕ್ಕೆ ಹಡಗೇ ಸರಿ.

1967ರಲ್ಲಿ ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್ ಎಂಬಾತ ಪ್ರವಾಸಿಗರ ತಂಡವನ್ನು ಇಲ್ಲಿಗೆ ತಂದ. ಅದರ ಹಿಂದಿನ ವರ್ಷವೇ ಅಂಟಾರ್ಕ್ಟಿಕಾಕ್ಕೆ ಸಾಮಾನ್ಯ ಪ್ರವಾಸಿಗರನ್ನು ಕರೆದುಕೊಂಡು ಹೋಗಿದ್ದವನು ಈತ. ಹಡಗಿನಲ್ಲಿ ಕುಣಿತ, ಜೂಜು ಬೇಡ, ವಿಜ್ಞಾನ ಗೊತ್ತಿರುವ ಗೈಡ್ ಬೇಕು ಅನ್ನೋದು ಅವನ ಮಾದರಿ. ಇವತ್ತಿನ ಐಷಾರಾಮಿ ಸಣ್ಣ ಹಡಗುಗಳು ಅದೇ ಮಾದರಿಯ ಮೇಲೆ ಮೆತ್ತನೆ ಹಾಸಿಗೆ, ಒಳ್ಳೆ ಅಡುಗೆಯವರನ್ನು ಸೇರಿಸಿಕೊಂಡಿವೆ, ಅಷ್ಟೇ.

ದಿನಚರಿ ಹೀಗಿರುತ್ತೆ. ರಾತ್ರಿ ಎಲ್ಲರೂ ಮಲಗಿದಾಗ ಹಡಗು ಒಂದು ದ್ವೀಪದಿಂದ ಇನ್ನೊಂದಕ್ಕೆ ಸಾಗುತ್ತೆ. ಬೆಳಗ್ಗೆ ಒಂದು ತಾಣ, ಮಧ್ಯಾಹ್ನ ಹಡಗಿನಲ್ಲಿ ಊಟ, ಸಂಜೆಗೆ ಇನ್ನೊಂದು ತಾಣ. ಹಡಗಿನಿಂದ ದಡಕ್ಕೆ ರಬ್ಬರಿನ ಗಾಳಿದೋಣಿಯಲ್ಲಿ ಹೋಗೋದು, ಅದನ್ನು ಅಲ್ಲಿ ಪಾಂಗಾ ಅಂತಾರೆ. ಬಂಡೆಗೆ ಇಳಿದರೆ ಒಣ ಇಳಿತ, ಮೊಣಕಾಲುದ್ದ ನೀರಿಗೆ ಇಳಿದರೆ ಒದ್ದೆ ಇಳಿತ. ಕತ್ತಲಾಗುವುದರೊಳಗೆ ಎಲ್ಲರೂ ವಾಪಸ್. ತಾಣಗಳು ಬೆಳಗ್ಗೆ 6ರಿಂದ ಸಂಜೆ 6ರ ತನಕ ಮಾತ್ರ ತೆರೆದಿರುತ್ತವೆ.

3. ನೂರು ಅನ್ನೋ ಸಂಖ್ಯೆ ಎಲ್ಲಿಂದ ಬಂತು?

ಗಲಾಪಗೋಸ್‌ನಲ್ಲಿ ಒಂದು ಪ್ರವಾಸಿ ಹಡಗಿನಲ್ಲಿ ಗರಿಷ್ಠ 100 ಪ್ರಯಾಣಿಕರು. ಬಹಳಷ್ಟು ಹಡಗುಗಳಲ್ಲಿ 16 ಜನ ಮಾತ್ರ. ಈ 16 ಕೂಡ ಸುಮ್ಮನೆ ಬಂದದ್ದಲ್ಲ. ಉದ್ಯಾನದಿಂದ ಪರವಾನಗಿ ಪಡೆದ ಒಬ್ಬ ಗೈಡ್ ಹೆಚ್ಚೆಂದರೆ 16 ಜನರನ್ನು ನೋಡಿಕೊಳ್ಳಬಹುದು ಅನ್ನೋದು ನಿಯಮ. ಗೈಡ್ ಇಲ್ಲದೆ ತಾಣದೊಳಗೆ ಓಡಾಡೋ ಹಾಗಿಲ್ಲ. ಗುರುತು ಹಾಕಿದ ಕಾಲುದಾರಿ ಬಿಡೋ ಹಾಗಿಲ್ಲ. ಪ್ರಾಣಿಯಿಂದ ಎರಡು ಮೀಟರ್ ದೂರ ಇರಬೇಕು. ತಿಂಡಿ ಒಯ್ಯೋ ಹಾಗಿಲ್ಲ, ಫ್ಲ್ಯಾಶ್ ಹಾಕೋ ಹಾಗಿಲ್ಲ. ಕಲ್ಲು, ಚಿಪ್ಪು, ಮರಳು ಏನನ್ನೂ ಎತ್ತಿಕೊಳ್ಳೋ ಹಾಗಿಲ್ಲ.

ಈಗ ಒಂದು ಲೆಕ್ಕ. ಒಂದು ತಾಣದ ಕಾಲುದಾರಿ ನಡೆಯೋಕೆ ಎರಡು ಗಂಟೆ ಬೇಕು ಅಂತಿಟ್ಟುಕೊಳ್ಳಿ. ಒಂದು ಗುಂಪು ಇನ್ನೊಂದಕ್ಕೆ ಡಿಕ್ಕಿ ಆಗಬಾರದು, ಹಾಗಾಗಿ 15 ನಿಮಿಷಕ್ಕೊಂದು ಗುಂಪು ಬಿಡ್ತೀವಿ. ಎರಡು ಗಂಟೆ, 15 ನಿಮಿಷ ಎರಡೂ ನಾವು ಲೆಕ್ಕಕ್ಕೆ ಹಿಡಿದ ಸಂಖ್ಯೆಗಳು.

100 ಜನರ ಹಡಗು: 100 ÷ 16 = 6.25, ಅಂದರೆ 7 ಗುಂಪು. ಮೊದಲ ಗುಂಪಿಗೂ ಕೊನೆಯ ಗುಂಪಿಗೂ ನಡುವೆ 6 × 15 = 90 ನಿಮಿಷ. ಜೊತೆಗೆ ನಡೆಯುವ 120 ನಿಮಿಷ. ಒಟ್ಟು 210 ನಿಮಿಷ, ಮೂರೂವರೆ ಗಂಟೆ. ಬೆಳಗಿನ ತಿಂಡಿ ಮುಗಿಸಿ ಹೊರಟರೆ ಊಟದ ಹೊತ್ತಿಗೆ ಎಲ್ಲರೂ ಹಡಗಿನಲ್ಲಿ.

3,000 ಜನರ ದೊಡ್ಡ ಕ್ರೂಸ್ ಹಡಗು: 3,000 ÷ 16 = 187.5, ಅಂದರೆ 188 ಗುಂಪು. ಕೊನೆಯ ಗುಂಪು ಹೊರಡೋದು 187 × 15 = 2,805 ನಿಮಿಷದ ನಂತರ, ಸುಮಾರು 47 ಗಂಟೆ. ತಾಣ ತೆರೆದಿರೋದು ದಿನಕ್ಕೆ 12 ಗಂಟೆ. ಅಂದರೆ ಒಂದೇ ಕಾಲುದಾರಿ ತೋರಿಸೋಕೆ ನಾಲ್ಕು ದಿನಕ್ಕಿಂತ ಹೆಚ್ಚು ಬೇಕು!

ಗೆಳೆಯನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ತು. ಅಲ್ಲಿ ಹಡಗಿನ ಗಾತ್ರವನ್ನು ತೀರ್ಮಾನ ಮಾಡೋದು ಎಂಜಿನ್ ಅಲ್ಲ, ಬಂದರು ಅಲ್ಲ, ಒಂದು ಕಾಲುದಾರಿಯ ಅಗಲ. ಇಡೀ ವ್ಯವಸ್ಥೆಯ ಸಾಮರ್ಥ್ಯವನ್ನು ಅತಿ ಇಕ್ಕಟ್ಟಾದ ಜಾಗವೇ ನಿರ್ಧರಿಸುತ್ತೆ ಅಂತ ಆಪರೇಷನ್ಸ್ ರಿಸರ್ಚ್ ತರಗತಿಯಲ್ಲಿ ಹೇಳ್ತಾರಲ್ಲ, ಅದೇ ಇದು. ನಮ್ಮ ಮೆಸ್ಸಿನಲ್ಲಿ ಸಾಂಬಾರ್ ಹತ್ತಿರ ಸಾಲು ನಿಲ್ಲೋದೂ ಇದೇ ಕಾರಣಕ್ಕೆ.

4. ಹದಿನಾಲ್ಕು ದಿನದ ನಿಯಮ

ಹಡಗಿನ ಗಾತ್ರಕ್ಕೆ ಮಿತಿ ಹಾಕಿದರೆ ಸಾಕಾ? ಸಾಲದು. ಎಲ್ಲಾ ಹಡಗುಗಳೂ ಹೆಸರುವಾಸಿ ನಾಲ್ಕೈದು ತಾಣಗಳಿಗೇ ಮುಗಿಬೀಳುತ್ತವೆ. ಅದಕ್ಕೆ 2012ರಲ್ಲಿ ಉದ್ಯಾನ ಹೊಸ ನಿಯಮ ತಂದಿತು. 14 ದಿನದೊಳಗೆ ಒಂದು ಹಡಗು ಒಂದೇ ತಾಣಕ್ಕೆ ಎರಡನೇ ಸಲ ಹೋಗಬಾರದು. ಮಾರ್ಗಪಟ್ಟಿಯನ್ನು ಉದ್ಯಾನವೇ ಒಪ್ಪಬೇಕು. ಕ್ಯಾಪ್ಟನ್ನಿಗೆ ಮನಸ್ಸು ಬಂದ ಕಡೆ ತಿರುಗಿಸೋ ಹಾಗಿಲ್ಲ.

ಇದರ ಪರಿಣಾಮ ನೋಡಿ. 60 ಹಡಗುಗಳಿವೆ ಅಂತಿಟ್ಟುಕೊಳ್ಳೋಣ. ಎಲ್ಲವೂ ವಾರಕ್ಕೊಮ್ಮೆ ಒಂದು ತಾಣಕ್ಕೆ ಬಂದರೆ ಅಲ್ಲಿ ದಿನಕ್ಕೆ ಸರಾಸರಿ 60 ÷ 7, ಅಂದರೆ 8.6 ಹಡಗು. 14 ದಿನಕ್ಕೊಮ್ಮೆ ಆದರೆ 4.3. ಒಬ್ಬ ಪ್ರವಾಸಿಯನ್ನೂ ಕಡಿಮೆ ಮಾಡದೆ ಆ ತಾಣದ ಒತ್ತಡ ಅರ್ಧಕ್ಕೆ ಇಳಿಯಿತು. ಜೊತೆಗೆ ಹಡಗಿನವರು ಅಷ್ಟಾಗಿ ಹೆಸರಿಲ್ಲದ ತಾಣಗಳನ್ನೂ ಹುಡುಕಿ ಪಟ್ಟಿಗೆ ಹಾಕಬೇಕಾಯ್ತು.

ಸಿಎಸ್ ಗೆಳೆಯರಿಗೆ ಇದು ಗ್ರಾಫ್ ಕಲರಿಂಗ್ ಅಂತ ತಕ್ಷಣ ಹೊಳೆಯುತ್ತೆ. ನಮ್ಮ ಕಾಲೇಜಿನ ಟೈಮ್‌ಟೇಬಲ್ ಸಮಸ್ಯೆಯೂ ಇದೇ: ಲ್ಯಾಬ್ ಬದಲು ದ್ವೀಪ, ಬ್ಯಾಚ್ ಬದಲು ಹಡಗು, ಪೀರಿಯಡ್ ಬದಲು ಅರ್ಧ ದಿನ.

5. ಹಡಗಿನ ಹೊಟ್ಟೆಯೊಳಗೆ

ಲಂಗರು: ಲಂಗರು ಸಮುದ್ರದ ತಳವನ್ನು ಕೊರೆಯುತ್ತೆ, ಸರಪಳಿ ಅತ್ತಿತ್ತ ಎಳೆದಾಡಿ ಅಲ್ಲಿನ ಜೀವಿಗಳನ್ನು ಉಜ್ಜಿ ಹಾಕುತ್ತೆ. 2019ರಲ್ಲಿ ಈ ದ್ವೀಪಗಳಿಗೆಂದೇ ಕಟ್ಟಿದ ಸೆಲೆಬ್ರಿಟಿ ಫ್ಲೋರಾ ಎಂಬ 100 ಪ್ರಯಾಣಿಕರ ಹಡಗಿನಲ್ಲಿ ಇದಕ್ಕೆ ಡೈನಾಮಿಕ್ ಪೊಸಿಷನಿಂಗ್ ಇದೆ. ಜಿಪಿಎಸ್, ದಿಕ್ಸೂಚಿ, ಗಾಳಿಯ ಸೆನ್ಸರ್ ಮೂರೂ ಸೇರಿ ಹಡಗು ಎಲ್ಲಿದೆ, ಎಲ್ಲಿರಬೇಕು ಅಂತ ಹೇಳ್ತವೆ. ವ್ಯತ್ಯಾಸ ನೋಡಿ ಕಂಪ್ಯೂಟರ್ ಪ್ರೊಪೆಲ್ಲರ್, ಥ್ರಸ್ಟರ್‌ಗಳಿಗೆ ಆಜ್ಞೆ ಕೊಡುತ್ತೆ. ಸೆಟ್ ಪಾಯಿಂಟ್, ಎರರ್, ಫೀಡ್‌ಬ್ಯಾಕ್. ಐದನೇ ಸೆಮಿಸ್ಟರಿನಲ್ಲಿ ಬೋರ್ಡ್ ಮೇಲೆ ಬರೆದ ಅದೇ ಬ್ಲಾಕ್ ಡಯಾಗ್ರಾಮ್. ಆದರೆ ಪುಕ್ಕಟೆ ಏನೂ ಸಿಗಲ್ಲ. ಲಂಗರು ಹಾಕಿ ನಿಂತ ಹಡಗಿಗೆ ನಿಲ್ಲೋಕೆ ಇಂಧನ ಬೇಡ, ಇದಕ್ಕೆ ನಿಂತಲ್ಲಿ ನಿಲ್ಲೋಕೂ ಬೇಕು. ತಳ ಉಳಿಯಿತು, ಹೊಗೆ ಹೆಚ್ಚಿತು.

ನೀರು: ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅದರ ಆಸ್ಮಾಟಿಕ್ ಒತ್ತಡ ಹತ್ತಿರ ಹತ್ತಿರ 27 ಬಾರ್. ರಿವರ್ಸ್ ಆಸ್ಮಾಸಿಸ್‌ನಲ್ಲಿ ಅದಕ್ಕಿಂತ ಬಹಳ ಹೆಚ್ಚು, ಸಾಮಾನ್ಯವಾಗಿ 55ರಿಂದ 70 ಬಾರ್ ಒತ್ತಡ ಕೊಟ್ಟು ನೀರನ್ನು ಪೊರೆಯ ಮೂಲಕ ತಳ್ಳಬೇಕು. ಪ್ರಯಾಣಿಕರು, ಸಿಬ್ಬಂದಿ ಸೇರಿ 160 ಜನ, ತಲಾ 200 ಲೀಟರ್ ಅಂತ ಹಿಡಿದರೆ ದಿನಕ್ಕೆ 32 ಘನ ಮೀಟರ್. ಘನ ಮೀಟರಿಗೆ 4 ಯೂನಿಟ್ ಕರೆಂಟ್ ಅಂದರೆ 128 ಯೂನಿಟ್. ಹಡಗಿನ ಮೇಲೆ ಬಿಸಿನೀರಿನ ಸ್ನಾನ ಅಂದರೆ ಡೀಸೆಲ್ ಸ್ನಾನ.

ತಳದ ಅಂಟು: ಹಡಗಿನ ತಳಕ್ಕೆ ಬಾರ್ನಕಲ್, ಪಾಚಿ, ಚಿಪ್ಪುಜೀವಿ ಅಂಟಿಕೊಳ್ಳುತ್ತವೆ. ಎಲ್ಲಾ ಹಡಗಿನವರಿಗೂ ಇದು ತಲೆನೋವು, ಘರ್ಷಣೆ ಹೆಚ್ಚಿ ಇಂಧನ ಹೆಚ್ಚು ಬೇಕಾಗುತ್ತೆ. ಇಲ್ಲಿ ಮಾತ್ರ ಇನ್ನೊಂದು ಭಯ: ಬೇರೆ ಸಮುದ್ರದ ಜೀವಿ ಇಲ್ಲಿಗೆ ಬಂದು ನೆಲೆಯೂರಬಹುದು. ಅದಕ್ಕೆ ಹೊರಗಿನಿಂದ ಬರುವ ಹಡಗಿನ ತಳವನ್ನು ಮುಳುಗುಗಾರರು ಇಳಿದು ಪರೀಕ್ಷೆ ಮಾಡ್ತಾರೆ. ಕೊಳೆ ಕಂಡರೆ ಒಳಗೆ ಬಿಡಲ್ಲ, ವಾಪಸ್ ಹೋಗಿ ತೊಳೆದುಕೊಂಡು ಬರಬೇಕು.

ಬೆಳಕು: ರಾತ್ರಿ ಹಡಗಿನ ದೀಪಕ್ಕೆ ಕೀಟಗಳು ಬಂದು ಮುತ್ತುತ್ತವೆ. ಬೆಳಗಾಗುವಷ್ಟರಲ್ಲಿ ಹಡಗು ಇನ್ನೊಂದು ದ್ವೀಪದಲ್ಲಿ. ಕೀಟಕ್ಕೆ ಟಿಕೆಟ್ ಇಲ್ಲದೆ ಪ್ರಯಾಣ! ದೀಪಗಳನ್ನು ಕಡಿಮೆ ಮಾಡೋದು, ಬಿಳಿ ಬದಲು ಹಳದಿ ಬಲ್ಬು ಹಾಕೋದು ಇದಕ್ಕೆ ಪರಿಹಾರ. ಹತ್ತು ರೂಪಾಯಿಯ ತಿಳಿವಳಿಕೆ, ಕೋಟಿಯ ಉಪಯೋಗ.

ಒಂದು ಸಣ್ಣ ಕೀಟಕ್ಕೆ ಇಷ್ಟೊಂದಾ ಅಂತ ಅನ್ನಿಸಬಹುದು. ಹೊರಗಿನಿಂದ ಬಂದ ಒಂದು ಜಾತಿಯ ನೊಣ ಇಲ್ಲಿನ ಫಿಂಚ್ ಹಕ್ಕಿಗಳ ಗೂಡಿನಲ್ಲಿ ಮೊಟ್ಟೆ ಇಡುತ್ತೆ, ಅದರ ಮರಿಹುಳುಗಳು ಹಕ್ಕಿಮರಿಯ ರಕ್ತ ಹೀರುತ್ತವೆ. ವಿಜ್ಞಾನಿಗಳು ಗೂಡುಗಳಲ್ಲಿ ಅದನ್ನು ಗಮನಿಸಿದ್ದು 1997ರಲ್ಲಿ, ಇವತ್ತಿಗೂ ಅದನ್ನು ಪೂರ್ತಿ ತೊಲಗಿಸೋಕೆ ಆಗಿಲ್ಲ. ಮೇಕೆಗಳ ಕತೆ ಇನ್ನೂ ದೊಡ್ಡದು. ಮನುಷ್ಯ ತಂದು ಬಿಟ್ಟ ಮೇಕೆಗಳು ಆಮೆಗಳ ಮೇವನ್ನೆಲ್ಲಾ ತಿಂದು ಹಾಕಿದವು. 1997ರಿಂದ 2006ರ ತನಕ ನಡೆದ ಇಸಬೆಲಾ ಯೋಜನೆಯಲ್ಲಿ ಹೆಲಿಕಾಪ್ಟರ್ ಬಳಸಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮೇಕೆಗಳನ್ನು ಕೊಂದು ತೆಗೆಯಬೇಕಾಯ್ತು. ಕೊನೆಯಲ್ಲಿ ಅಡಗಿದ್ದ ಮೇಕೆಗಳನ್ನು ಹುಡುಕೋಕೆ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿದ ಮೇಕೆಯನ್ನು ಬಿಡ್ತಿದ್ದರು. ಮೇಕೆ ಒಂಟಿಯಾಗಿ ಇರಲ್ಲ, ಸಂಗಾತಿಗಳನ್ನು ಹುಡುಕಿಕೊಂಡು ಹೋಗುತ್ತೆ, ಬೇಟೆಗಾರರು ಅದರ ಹಿಂದೆ. ಓದುವಾಗ ನಮಗೂ ಸಂಕಟ ಆಯ್ತು. ತರೋಕೆ ಒಂದು ದೋಣಿ ಸಾಕಾಗಿತ್ತು, ತೆಗೆಯೋಕೆ ಹತ್ತು ವರ್ಷ ಬೇಕಾಯ್ತು.

6. ಜೆಸ್ಸಿಕಾ: ಲೆಕ್ಕ ತಪ್ಪಿದ ರಾತ್ರಿ

ಇಲ್ಲಿಯ ತನಕ ಓದಿದರೆ ಎಲ್ಲವೂ ಅಚ್ಚುಕಟ್ಟು ಅನ್ನಿಸುತ್ತೆ. ಈಗ 2001ರ ಜನವರಿ 16ಕ್ಕೆ ಬರೋಣ.

ಅವತ್ತು ರಾತ್ರಿ ಜೆಸ್ಸಿಕಾ ಎಂಬ ಸಣ್ಣ ತೈಲ ಹಡಗು ಸ್ಯಾನ್ ಕ್ರಿಸ್ಟೋಬಲ್ ದ್ವೀಪದ ಬಂದರಿನ ಬಾಯಲ್ಲಿ ಬಂಡೆಗೆ ತಗಲಿ ಕೂತುಬಿಟ್ಟಿತು. ಬೋಯಿಯೊಂದನ್ನು ದೀಪಸ್ತಂಭ ಅಂತ ತಪ್ಪು ತಿಳಿದದ್ದೇ ಕಾರಣ ಅಂತ ಆಗ ವರದಿಯಾಗಿತ್ತು. ಒಳಗೆ ಸುಮಾರು 600 ಟನ್ ಡೀಸೆಲ್, 300 ಟನ್ ಬಂಕರ್ ಎಣ್ಣೆ. ಡೀಸೆಲ್ ದ್ವೀಪದ ಬಳಕೆಗೆ. ಬಂಕರ್ ಎಣ್ಣೆ ಯಾರಿಗೆ ಗೊತ್ತಾ? ಒಂದು ಪ್ರವಾಸಿ ಹಡಗಿಗೆ.

ಕೆಲವು ದಿನ ಎಣ್ಣೆಯನ್ನು ಪಂಪ್ ಮಾಡಿ ತೆಗೆಯೋ ಪ್ರಯತ್ನ ನಡೆಯಿತು. ಅಲೆಗಳ ಹೊಡೆತಕ್ಕೆ ಹಡಗು ವಾಲಿ, ಸೀಳಿ, ಹೆಚ್ಚಿನ ಎಣ್ಣೆ ಸಮುದ್ರದ ಪಾಲಾಯ್ತು. ಅದೃಷ್ಟಕ್ಕೆ ಗಾಳಿ ಮತ್ತು ಪ್ರವಾಹ ಎಣ್ಣೆಯನ್ನು ದಡದಿಂದ ಆಚೆಗೆ ಒಯ್ದವು, ಭೂಮಧ್ಯರೇಖೆಯ ಬಿಸಿಲಿಗೆ ಬಹುಪಾಲು ಆವಿಯಾಯ್ತು. ಎಣ್ಣೆ ಮೆತ್ತಿಕೊಂಡು ಸತ್ತ ಪ್ರಾಣಿಗಳು ಕಡಿಮೆ. ಜಗತ್ತು ನಿಟ್ಟುಸಿರು ಬಿಟ್ಟು ಮರೆತುಬಿಟ್ಟಿತು.

ಆದರೆ ಲೆಕ್ಕ ಇಡೋರು ಇದ್ದರು. ಮಾರ್ಟಿನ್ ವಿಕೆಲ್ಸ್ಕಿ ಮತ್ತು ಸಂಗಡಿಗರು ಸಾಂಟಾ ಫೆ, ಜೆನೊವೆಸಾ ಎಂಬ ಎರಡು ದ್ವೀಪಗಳಲ್ಲಿ ಕಡಲ ಇಗ್ವಾನಾಗಳನ್ನು ಅಪಘಾತಕ್ಕೂ ಮುಂಚಿನಿಂದ ವರ್ಷವರ್ಷ ಎಣಿಸಿಕೊಂಡು ಬರ್ತಿದ್ದರು. 2002ರಲ್ಲಿ ನೇಚರ್ ಪತ್ರಿಕೆಯಲ್ಲಿ ಅವರ ವರದಿ ಬಂತು. ಅಪಘಾತದ ನಂತರದ ಒಂದು ವರ್ಷದಲ್ಲಿ ಸಾಂಟಾ ಫೆ ದ್ವೀಪದ ಇಗ್ವಾನಾಗಳಲ್ಲಿ ಶೇ. 62 ಸತ್ತಿದ್ದವು. ಅಲ್ಲಿ ತಲುಪಿದ್ದು ಎಣ್ಣೆಯ ಅಲ್ಪಸ್ವಲ್ಪ ಉಳಿಕೆ ಮಾತ್ರ. ಎಣ್ಣೆ ತಲುಪದ ದೂರದ ಜೆನೊವೆಸಾದಲ್ಲಿ ಇಂಥ ಸಾವು ಇರಲಿಲ್ಲ. ಪಾಚಿ ಜೀರ್ಣಿಸೋಕೆ ಇಗ್ವಾನಾದ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳನ್ನು ಎಣ್ಣೆ ಕೊಂದಿರಬಹುದು, ಮೇವು ಇದ್ದೂ ಹಸಿವಿನಿಂದ ಸತ್ತಿರಬಹುದು ಅನ್ನೋದು ಅವರ ಊಹೆ.

ಇಲ್ಲಿ ನಾವು ಕಲಿಯಬೇಕಾದ್ದು ಮೂರು.

ಒಂದು, ಹಳೆಯ ಎಣಿಕೆ ಇಲ್ಲದಿದ್ದರೆ ಶೇ. 62 ಅನ್ನೋ ಸಂಖ್ಯೆಯೇ ಇರ್ತಿರಲಿಲ್ಲ. ಬೇಸರದ ಕೆಲಸ ಅಂತ ನಾವು ಲ್ಯಾಬಿನಲ್ಲಿ ಬಿಟ್ಟುಬಿಡೋ ರೀಡಿಂಗ್‌ಗಳು ಇಂಥವೇ.

ಎರಡು, ಹೋಲಿಕೆಗೆ ಜೆನೊವೆಸಾ ಇಲ್ಲದಿದ್ದರೆ “ಆ ವರ್ಷ ಮೇವು ಕಡಿಮೆ ಇತ್ತೇನೋ” ಅಂತ ತಳ್ಳಿಹಾಕಬಹುದಿತ್ತು. ಕಂಟ್ರೋಲ್ ಅಂದರೆ ಇದು.

ಮೂರು, ಕಾಲುದಾರಿಯ ಮೇಲಿನ ಶಿಸ್ತು ಎಷ್ಟೇ ಇರಲಿ, ಹಡಗಿಗೆ ಎಣ್ಣೆ ತರುವ ಹಡಗು ಆ ಶಿಸ್ತಿನ ಹೊರಗಿತ್ತು. ಎರಡು ಮೀಟರ್ ದೂರ ನಿಂತು ಫೋಟೊ ತೆಗೆದ ಪ್ರವಾಸಿಗೆ ತನ್ನ ಹಡಗಿನಂಥ ಇನ್ನೊಂದರ ಎಣ್ಣೆ ಅದೇ ಪ್ರಾಣಿಯ ಹೊಟ್ಟೆ ಸೇರಬಹುದು ಅಂತ ಗೊತ್ತೇ ಇರಲ್ಲ. ವ್ಯವಸ್ಥೆಯ ಗಡಿ ಎಲ್ಲಿ ಎಳೀತೀವಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ. ಥರ್ಮೋಡೈನಮಿಕ್ಸ್‌ನ ಮೊದಲ ಪಾಠವೂ ಅದೇ ಅಲ್ವಾ?

ಇಂಥದ್ದು ಮತ್ತೆ ಆಗಲಿಲ್ಲ ಅನ್ನೋಕಾಗಲ್ಲ. 2019ರ ಡಿಸೆಂಬರಿನಲ್ಲಿ ಇದೇ ಸ್ಯಾನ್ ಕ್ರಿಸ್ಟೋಬಲ್ ಬಂದರಿನಲ್ಲಿ ಬಾರ್ಜಿಗೆ ಜನರೇಟರ್ ಇಳಿಸುವಾಗ ಕ್ರೇನ್ ಮಗುಚಿತು, ಬಾರ್ಜೂ ಮುಳುಗಿತು. ಅದರಲ್ಲಿ 600 ಗ್ಯಾಲನ್ ಡೀಸೆಲ್ ಇತ್ತು. ಜೆಸ್ಸಿಕಾಕ್ಕೆ ಹೋಲಿಸಿದರೆ ಸಣ್ಣದು. ಆದರೆ ಭಾರ, ತೋಳಿನ ಉದ್ದ, ಸಮತೋಲನ, ಮೊದಲ ವರ್ಷದ ಮೆಕ್ಯಾನಿಕ್ಸ್ ಎಷ್ಟು ದೂರದ ದ್ವೀಪದಲ್ಲಿ ಪರೀಕ್ಷೆಗೆ ಬರುತ್ತೆ ನೋಡಿ.

7. ದುಡ್ಡು, ಮತ್ತು ಅಲ್ಲಿಯ ಜನ

ಈಗ ಕಷ್ಟದ ಭಾಗ. ವಿದೇಶಿ ಪ್ರವಾಸಿಗಳ ಪ್ರವೇಶ ಶುಲ್ಕ ಬಹಳ ವರ್ಷ 100 ಡಾಲರ್ ಇತ್ತು, 2024ರ ಆಗಸ್ಟ್ 1ರಿಂದ 200 ಡಾಲರ್ ಆಯ್ತು. 1998ರ ವಿಶೇಷ ಕಾನೂನು ಶುಲ್ಕದಲ್ಲಿ ಶೇ. 40 ಉದ್ಯಾನಕ್ಕೆ, ಉಳಿದದ್ದನ್ನು ಸ್ಥಳೀಯ ಆಡಳಿತ, ಕಡಲ ಮೀಸಲು, ನೌಕಾಪಡೆ ಮುಂತಾದವಕ್ಕೆ ಹಂಚಿತು. ಗಸ್ತು, ಆಮೆ ಮರಿಗಳ ಸಾಕಣೆ, ಎಲ್ಲದಕ್ಕೂ ಪ್ರವಾಸಿ ಹಣ ಬೇಕು. 2020ರಲ್ಲಿ ಕೋವಿಡ್ ಬಂದು ಹಡಗು, ವಿಮಾನ ನಿಂತಾಗ ಪ್ರಾಣಿಗಳಿಗೆ ನೆಮ್ಮದಿ ಸಿಕ್ಕಿರಬಹುದು, ಆದರೆ ಅವುಗಳನ್ನು ಕಾಯುವವರ ಆದಾಯವೂ ನಿಂತಿತು.

ದ್ವೀಪಗಳಲ್ಲಿ ಸುಮಾರು 30,000 ಜನ ಇದ್ದಾರೆ. ಅವರಿಗೂ ಬದುಕಬೇಕು. 1990ರ ದಶಕದಲ್ಲಿ ಕಡಲ ಸೌತೆ ಎಂಬ ಜೀವಿಗೆ ಏಷ್ಯಾದ ಮಾರುಕಟ್ಟೆಯಲ್ಲಿ ಒಳ್ಳೆ ಬೆಲೆ ಬಂದು ಮೀನುಗಾರರು ಅದರ ಹಿಂದೆ ಬಿದ್ದರು. ಸರ್ಕಾರ ತಡೆದಾಗ 1995ರಲ್ಲಿ ಸಾಂಟಾ ಕ್ರೂಜ್‌ನ ಸಂಶೋಧನಾ ಕೇಂದ್ರಕ್ಕೇ ಮುತ್ತಿಗೆ ಹಾಕಿದರು. ದೂರದಿಂದ ನೋಡಿದರೆ ಮೀನುಗಾರ ಖಳನಾಯಕ. ಆದರೆ ಅವನ ಕಣ್ಣಿನಿಂದ ನೋಡಿ: ನನ್ನ ಸಮುದ್ರದಲ್ಲಿ ನನಗೆ ಬಲೆ ಬೀಸೋ ಹಾಗಿಲ್ಲ, ಎಲ್ಲಿಂದಲೋ ಬಂದವರು ಅದೇ ನೀರಿನ ಮೇಲೆ ಮೆತ್ತೆ ಹಾಸಿಗೆಯಲ್ಲಿ ಮಲಗ್ತಾರೆ. ಟಿಕೆಟ್ ಹಣದಲ್ಲಿ ದೊಡ್ಡ ಪಾಲು ದ್ವೀಪಕ್ಕೆ ಬರೋದೇ ಇಲ್ಲ, ಹೊರಗಿನ ಹಡಗು ಮಾಲೀಕರು, ವಿಮಾನ, ಏಜೆನ್ಸಿಗಳಲ್ಲೇ ಉಳಿಯುತ್ತೆ. ಹಡಗಿನಲ್ಲೇ ಉಂಡು, ಹಡಗಿನಲ್ಲೇ ಮಲಗುವ ಪ್ರವಾಸಿ ಊರಿನ ಅಂಗಡಿಗೆ ಕಾಲಿಡೋದು ಒಂದು ಗಂಟೆ ಮಾತ್ರ.

ಹಾಗಾದರೆ ಹಡಗು ಬಿಟ್ಟು ಎಲ್ಲರೂ ಊರಲ್ಲೇ ಉಳಿದರೆ? ನಿಜಕ್ಕೂ ಆಗಿದ್ದು ಅದೇ. ಹಡಗಿನ ಹಾಸಿಗೆಗಳ ಸಂಖ್ಯೆಗೆ ಮಿತಿ ಇದೆ, ಊರಿನ ಹೋಟೆಲ್‌ಗಳು ಬೆಳೀತಾ ಹೋದವು. 2019ರಲ್ಲಿ ಸುಮಾರು 2.71 ಲಕ್ಷ ಪ್ರವಾಸಿಗಳು ಬಂದರು, 2023ರಲ್ಲಿ ಸುಮಾರು 3.29 ಲಕ್ಷ. ಅಲ್ಲಿಯ ಜನಸಂಖ್ಯೆಯ ಹತ್ತು ಪಟ್ಟಿಗೂ ಹೆಚ್ಚು. ಇವರಲ್ಲಿ ಹೆಚ್ಚಿನವರು ಈಗ ಊರಲ್ಲಿ ಉಳಿಯೋರೇ. ದುಡ್ಡು ಸ್ಥಳೀಯರ ಕೈಗೆ ಬಂತು, ಸಾಮಾನ್ಯ ಆದಾಯದವರಿಗೂ ನೋಡೋ ಅವಕಾಶ ಸಿಕ್ತು. ಜೊತೆಗೆ ಹೆಚ್ಚು ಸರಕು, ಹೆಚ್ಚು ಸಿಮೆಂಟು, ಹೆಚ್ಚು ಕೊಳಚೆ ಬಂತು. ತರಕಾರಿ ಬುಟ್ಟಿಯೊಳಗೆ ಇರುವೆ ಬಂತು. 2007ರಲ್ಲಿ ಯುನೆಸ್ಕೊ ಗಲಾಪಗೋಸ್ ಅನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಕಾರಣಗಳಲ್ಲಿ ಹೊರಗಿನ ಜೀವಿಗಳು, ಅಂಕೆ ಮೀರಿದ ಪ್ರವಾಸ ಎರಡೂ ಇದ್ದವು. 2010ರಲ್ಲಿ ಪಟ್ಟಿಯಿಂದ ತೆಗೆದರೂ ಸಮಸ್ಯೆ ಮುಗಿದಿಲ್ಲ.

8. ನಮ್ಮ ತೀರ್ಮಾನ

ಜಗಲಿಯಲ್ಲಿ ಕೂತ ನಮ್ಮಲ್ಲೇ ಒಮ್ಮತ ಬರಲಿಲ್ಲ. “ಶ್ರೀಮಂತರಿಗೆ ಮಾತ್ರ ತೆರೆದ ಬಾಗಿಲು, ಅದಕ್ಕೆ ಪರಿಸರ ಅನ್ನೋ ಬೋರ್ಡು” ಅಂತ ಸಿವಿಲ್‌ನ ಗೆಳತಿ. “ಬಾಗಿಲು ಎಲ್ಲರಿಗೂ ತೆರೆದರೆ ಒಳಗೆ ನೋಡೋಕೆ ಏನೂ ಉಳಿಯಲ್ಲ” ಅಂತ ಮೆಕ್ಯಾನಿಕಲ್‌ನವನು. ಇಬ್ಬರೂ ಸುಳ್ಳು ಹೇಳ್ತಿಲ್ಲ.

ಆದರೆ ಒಂದು ವಿಷಯ ಎಲ್ಲರೂ ಒಪ್ಪಿಕೊಂಡ್ವಿ. ಸಣ್ಣ ಹಡಗು ಒಳ್ಳೇದು, ಯಾಕಂದರೆ ಅದು ಸಣ್ಣದು ಅನ್ನೋದು ಅರ್ಧ ಸತ್ಯ. ಅದನ್ನು ಒಳ್ಳೆಯದಾಗಿ ಇಟ್ಟಿರೋದು ಮಿತಿ. 16ಕ್ಕೊಬ್ಬ ಗೈಡ್, 100 ಜನರ ಹಡಗು, 14 ದಿನದ ನಿಯಮ, ತೊಳೆದ ತಳ, ಹಳದಿ ದೀಪ. ಇವುಗಳಲ್ಲಿ ಒಂದನ್ನೂ ಮಾರುಕಟ್ಟೆ ತಾನಾಗಿ ತರಲಿಲ್ಲ. ಯಾರೋ ಎಣಿಸಿದರು, ಯಾರೋ ಬರೆದರು, ಯಾರೋ ದಂಡ ಹಾಕಿ ಜಾರಿ ಮಾಡಿದರು. ಮಿತಿ ಇಲ್ಲದ ಕಡೆಗಳಲ್ಲಿ, ಅಂದರೆ ತೈಲ ಸಾಗಣೆಯಲ್ಲಿ, ಸರಕಿನಲ್ಲಿ, ಊರಿನ ಬೆಳವಣಿಗೆಯಲ್ಲಿ, ಪೆಟ್ಟು ಬಿದ್ದಿದೆ.

ನಾವು ಕಲಿಯೋ ವಿದ್ಯೆಯಲ್ಲಿ ಇನ್ನೂ ದೊಡ್ಡದು, ಇನ್ನೂ ವೇಗದ್ದು ಮಾಡೋದನ್ನೇ ಸಾಧನೆ ಅಂತಾರೆ. ಎಷ್ಟಕ್ಕೆ ನಿಲ್ಲಿಸಬೇಕು ಅನ್ನೋದೂ ಒಂದು ಡಿಸೈನ್ ಪ್ಯಾರಾಮೀಟರ್ ಅಂತ ಗಲಾಪಗೋಸ್ ನಮಗೆ ತೋರಿಸಿಕೊಡ್ತು. ಆ ಹದಿನೈದು ಜನ ಎರಡು ಮೀಟರ್ ದೂರದಲ್ಲಿ ನಿಂತಿದ್ದು ಸುಮ್ಮನೆ ಅಲ್ಲ.

ಅಭ್ಯಾಸಕ್ಕೆ

1. ಮೂರನೇ ಭಾಗದ ಲೆಕ್ಕದಲ್ಲಿ ಗುಂಪುಗಳ ನಡುವಿನ ಅಂತರ 10 ನಿಮಿಷ ಮಾಡಿದರೆ, ಒಂದು ಬೆಳಗಿನ 4 ಗಂಟೆಯಲ್ಲಿ ಗರಿಷ್ಠ ಎಷ್ಟು ಜನ ನೋಡಬಹುದು? ಹಾಗೆ ಮಾಡಿದರೆ ಹಾದಿಯ ಮೇಲೆ ಒಂದೇ ಹೊತ್ತಿಗೆ ಎಷ್ಟು ಗುಂಪು ಇರುತ್ತವೆ?

2. 5 ಹಡಗು, 10 ತಾಣ, ದಿನಕ್ಕೆ ಎರಡು ಸರದಿ, ಒಂದು ಸರದಿಗೆ ಒಂದು ತಾಣದಲ್ಲಿ ಒಂದೇ ಹಡಗು. 5 ದಿನದ ಪಟ್ಟಿಯಲ್ಲಿ ಯಾವ ಹಡಗೂ ಒಂದೇ ತಾಣಕ್ಕೆ ಎರಡು ಸಲ ಹೋಗದಂತೆ ಮಾಡಿ. ಪ್ರೋಗ್ರಾಂ ಬರೆದರೆ ಇನ್ನೂ ಒಳ್ಳೇದು.

3. ಲಂಗರು ಮತ್ತು ಡೈನಾಮಿಕ್ ಪೊಸಿಷನಿಂಗ್: ಎರಡರ ಹಾನಿಯನ್ನು ಒಂದೇ ಅಳತೆಗೋಲಿನಲ್ಲಿ ಅಳೆಯಬಹುದಾ? ಇಲ್ಲದಿದ್ದರೆ ಎಂಜಿನಿಯರ್ ಹೇಗೆ ಆಯ್ಕೆ ಮಾಡಬೇಕು?

4. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ನಮ್ಮಲ್ಲಿ ಬಹಳ ಜನ ಹೋಗಿದ್ದೀರಿ. ಮುಂದಿನ ಸಲ ಹೋದಾಗ ಅಲ್ಲಿಯ ಇಕ್ಕಟ್ಟಿನ ಜಾಗ ಯಾವುದು, ಒಂದು ಸಲಕ್ಕೆ ಎಷ್ಟು ಜನ ಸರಿ ಅಂತ ಎಣಿಸಿ ನೋಡಿ. ನಿಮ್ಮ ಸಂಖ್ಯೆ, ಅದು ಬಂದ ದಾರಿ ಎರಡನ್ನೂ ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ಕೂತು ತಾಳೆ ನೋಡೋಣ.